ಹಿಡಿದೆ ಅಂದವಳು

ಆ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಒಂದು ಕಟ್ಟುಪಾಡಿತ್ತು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಎಲ್ಲಕ್ಕೂ ಮೇಲೆ ಗೆರೆ ಎಳೆದ ಹಾಳೆ ಹೊದಿಸಿದ ಮೇಲೆ, ಕತ್ತರಿಸುವವಳು ಒಂದು ಬದಿಗೆ, ಹಿಡಿಯುವವಳು ಎದುರು ಬದಿಗೆ ನಿಲ್ಲಬೇಕು. ಹಿಡಿಯುವವಳು ಎರಡೂ ಅಂಗೈ ಊರಿ, ಪದರ ಜಾರದ ಹಾಗೆ ಒತ್ತಿ, "ಹಿಡಿದೆ" ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ಮೆಷಿನ್ನಿನ ಗುಂಡಿ ಒತ್ತುವ ಹಾಗಿಲ್ಲ. ಕತ್ತರಿಸುವವಳು "ಆಯ್ತು" ಅನ್ನುವವರೆಗೆ ಹಿಡಿದವಳು ಕೈ ತೆಗೆಯುವ ಹಾಗಿಲ್ಲ. ಮೂಗಿನ ಮೇಲೆ ನೊಣ ಕೂತರೆ ಕೂತಿರಲಿ. ಹಳೆಯ ಕಟಿಂಗ್ ಮಾಸ್ಟರು ತಮ್ಮ ಬೆರಳಿನ ತುದಿಯನ್ನು ಬ್ಲೇಡಿಗೆ ಕೊಟ್ಟ ಮೇಲೆ ಮಾಡಿದ ಕಟ್ಟುಪಾಡು ಇದು. ಕಂಪನಿ ಗೋಡೆಗೆ ಅಂಟಿಸಿದ್ದ ನಿಯಮಗಳನ್ನು ಯಾರೂ ಓದುತ್ತಿರಲಿಲ್ಲ. ಗೋಡೆಯ ಮೇಲಿಲ್ಲದ ಈ ನಿಯಮವನ್ನು ಯಾರೂ ಮೀರುತ್ತಿರಲಿಲ್ಲ.

ಕತ್ತರಿಸುವವಳನ್ನು ಎಲ್ಲರೂ 'ಕತ್ತರಿ' ಎಂದೇ ಕರೆಯುತ್ತಿದ್ದರು. ಕೈ ಹರಿತ, ಬಾಯಿ ಇನ್ನೂ ಹರಿತ. ಎದುರು ನಿಂತು ಹಿಡಿಯುತ್ತಿದ್ದವಳು ಅಕ್ಕ. ಒಡಹುಟ್ಟಿದ ಅಕ್ಕನಲ್ಲ, ಇಡೀ ವಿಭಾಗಕ್ಕೇ ಅಕ್ಕ. ಕತ್ತರಿ ಕೆಲಸಕ್ಕೆ ಸೇರಿದ ಮೊದಲ ದಿನ ಅವಳ ಜಡೆಯನ್ನು ತಾನೇ ಸುತ್ತಿ ಟೋಪಿಯೊಳಗೆ ತುರುಕಿ, "ಜಡೆ ಮೆಷಿನ್ನಿಗೆ ಕೊಟ್ರೆ ಅದರ ಜೊತೆ ತಲೆ ಪುಕ್ಕಟೆ ಹೋಗುತ್ತೆ ಕಣೇ" ಅಂದಿದ್ದಳು. ಅಂದಿನಿಂದ ಕತ್ತರಿ ಅವಳ "ಹಿಡಿದೆ"ಯನ್ನು ನಂಬಿ ಬ್ಲೇಡು ಓಡಿಸಿದ್ದಳು. ಎದುರಿಗಿದ್ದವಳ ಕೈಯನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ.

ಹಳೆಯ ಮಾಸ್ಟರು ನಿವೃತ್ತರಾಗುವ ಸುದ್ದಿ ಹಬ್ಬಿದ ದಿನ, ಗುಂಡಿ ಹೊಲಿಯುವ 'ರೇಡಿಯೋ' ಊಟದ ಹೊತ್ತಿಗೆ ಎಲ್ಲರಿಗೂ ಪ್ರಸಾರ ಮಾಡಿದಳು: "ಮುಂದಿನ ಮಾಸ್ಟರು ನಮ್ಮ ಕತ್ತರೀನೇ! ಈ ಸಲ ಮೀಸೆ ಇಲ್ಲದ ಮಾಸ್ಟರು!"

ಕತ್ತರಿ ನಕ್ಕಳು. ಆದರೆ ಆ ಮಾತು ಅವಳೊಳಗೆ ಕೂತುಬಿಟ್ಟಿತು. ಆ ಕುರ್ಚಿಯಲ್ಲಿ ಅದುವರೆಗೆ ಗಂಡಸರಷ್ಟೇ ಕೂತಿದ್ದರು. ಹೆಂಗಸರು ಕತ್ತರಿಸಬಹುದು, ಹೊಲಿಯಬಹುದು, ಇಸ್ತ್ರಿ ತಿಕ್ಕಬಹುದು. ಬಟ್ಟೆಯಿಂದ ಎಷ್ಟು ತೋಳು, ಎಷ್ಟು ಕಾಲರು ಹೊರಡಬೇಕು ಅಂತ ತೀರ್ಮಾನಿಸುವುದು ಮಾತ್ರ ಗಂಡು ತಲೆಗೇ ಹೊಳೆಯಬೇಕು! ಕತ್ತರಿ ಸುಮ್ಮನೆ ಆಸೆಪಡುವವಳಲ್ಲ. ಪಾಳಿ ಮುಗಿದ ಮೇಲೂ ಹಳೆಯ ಮಾಸ್ಟರ ಪಕ್ಕ ನಿಂತು, ಬಟ್ಟೆ ಹಾಳಾಗದ ಹಾಗೆ ಗೆರೆ ಎಳೆಯುವುದನ್ನು ಕಲಿತಳು. ಉಳಿದ ಹಾಳೆಗಳನ್ನು ಮನೆಗೆ ತಂದು ನೆಲದ ಮೇಲೆ ಹರಡಿದಳು. ಊಟ ಆರಿತು, ನಿದ್ದೆ ಹಾರಿತು.

"ನಿದ್ದೇಲೂ ಗೆರೆ ಎಳೀತೀಯಲ್ಲೇ," ಅಂದಳು ಅಮ್ಮ. "ನನ್ನ ಹೊದಿಕೆ ಮೇಲೆ ಬೆರಳಾಡಿಸಿ ಯಾರದೋ ತೋಳು ಕತ್ತರಿಸ್ತಿದ್ದೆ. ನಾನು ಮಿಸುಕಾಡಿದ್ರೆ ನನ್ನೂ ಅಂಗಿ ಮಾಡಿ ಬಿಡ್ತೀಯೇನೋ ಅಂತ ಉಸಿರು ಬಿಗಿಹಿಡ್ಕೊಂಡು ಮಲಗಿದ್ದೆ."

"ಇನ್ನು ಸ್ವಲ್ಪ ದಿನ ಅಮ್ಮಾ. ಮಾಸ್ಟರ್ ಆಗ್ಬಿಟ್ರೆ, ಆಮೇಲೆ ನಿದ್ದೇನೇ ನಿದ್ದೆ."

ಮೈ ಅಷ್ಟು ದಿನ ಕಾಯಲಿಲ್ಲ. ಮೊದಲು ಎದೆ ಡವಗುಟ್ಟತೊಡಗಿತು, ಓಡದೆಯೇ ಓಡಿದವಳ ಹಾಗೆ. ಆಮೇಲೆ ಕಾರಣವಿಲ್ಲದೆ ಅಳು. ಒಂದು ಮಧ್ಯಾಹ್ನ, ಅಕ್ಕ "ಹಿಡಿದೆ" ಅಂದು ನಿಂತಿದ್ದಾಗ, ಕತ್ತರಿ ಮೆಷಿನ್ನಿನ ಹಿಡಿ ಹಿಡಿದು ಕಲ್ಲಾದಳು. ಎಲ್ಲ ಸದ್ದೂ ದೂರದ ಯಾವುದೋ ಬೀದಿಯಿಂದ ಬಂದ ಹಾಗಿತ್ತು. ಅಕ್ಕ ನೋಡಿದಳು. ಏನೂ ಕೇಳದೆ ಅವಳನ್ನು ಹಿತ್ತಲ ನಲ್ಲಿಯ ಹತ್ತಿರ ಕರೆದೊಯ್ದು ಮುಖಕ್ಕೆ ನೀರು ಚಿಮುಕಿಸಿದಳು.

"ಏನಾಯ್ತೇ?"

"ಬ್ಲೇಡು ಓಡ್ತಿದೆಯೋ ನಿಂತಿದೆಯೋ ಗೊತ್ತಾಗ್ಲಿಲ್ಲ ಅಕ್ಕ," ಅಂದಳು ಕತ್ತರಿ. "ಯಾರಿಗೂ ಹೇಳ್ಬೇಡ."

"ಥೂ, ನನಗೇ ಹೇಳ್ತೀಯಾ ಇದನ್ನ? ನನ್ನ ಹೊಟ್ಟೇಲಿ ಬಿದ್ದದ್ದು ಬಾವೀಲಿ ಬಿದ್ದ ಹಾಗೆ. ಆದ್ರೆ ನೀನು ಆ ಹಳದಿ ಕೋಣೆಗೆ ಹೋಗ್ಬೇಕು. ಅದಕ್ಕೇ ಅಲ್ವಾ ಇಟ್ಟಿರೋದು?"

ಹಳದಿ ಕೋಣೆ ಹಿಂದೆ ನೂಲಿನ ಉಗ್ರಾಣವಾಗಿತ್ತು. ಬಟ್ಟೆ ಕೊಳ್ಳುವ ವಿದೇಶದವರು ಯಾರೋ ಕೇಳಿದರೆಂದು ಕಂಪನಿ ಅದಕ್ಕೆ ಬಣ್ಣ ಬಳಿದು, ಎರಡು ಮೆತ್ತನೆಯ ಕುರ್ಚಿ ಇಟ್ಟು, ಬಾಗಿಲ ಮೇಲೆ 'ನೆಮ್ಮದಿ ಕೋಣೆ: ಮನಸ್ಸು ಹಗುರ, ಕೆಲಸ ಸರಾಗ' ಎಂದು ಬರೆಸಿತ್ತು. ಫೋಟೋ ತೆಗೆದಾಯಿತು, ಭಾಷಣವಾಯಿತು. "ನಿಮ್ಮ ಕಷ್ಟ ಹೇಳಿಕೊಳ್ಳಲು ಹಿಂಜರಿಯಬೇಡಿ, ನಾವೆಲ್ಲ ಒಂದೇ ಮನೆಯವರು" ಎಂದು ಮ್ಯಾನೇಜರು ಮೈಕಿನಲ್ಲಿ ಹೇಳಿದ್ದರು. ರೇಡಿಯೋ ಅಲ್ಲೇ ಕೈಯೆತ್ತಿ, "ಅಲ್ಲಿ ಫ್ಯಾನ್ ಇದೆ ಅಂತೆ ಸರ್, ನನಗೂ ಒಂದು ಸ್ವಲ್ಪ ಮನಸ್ಸು ಕೆಟ್ಟಿದೆ" ಅಂದು ಎಲ್ಲರನ್ನೂ ನಗಿಸಿದ್ದಳು.

ಕಷ್ಟ ಕೇಳಲೆಂದು ಅಲ್ಲಿ ಕೂರುತ್ತಿದ್ದ ಮೇಡಂ ಒಳ್ಳೆಯವರು. ಕೇಳುವಾಗ ಗಡಿಯಾರ ನೋಡುತ್ತಿರಲಿಲ್ಲ. ಕತ್ತರಿ ನಿದ್ದೆಯಿಲ್ಲದ್ದನ್ನು ಹೇಳಿದಳು, ಎದೆ ಹೊಡೆದುಕೊಳ್ಳುವುದನ್ನು, ಅಳುವನ್ನು ಹೇಳಿದಳು. ಬ್ಲೇಡಿನ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅದನ್ನು ಅಕ್ಕನಿಗೆ ಹೇಳಿಯಾಗಿದೆ, ಸಾಕು ಅನ್ನಿಸಿತು.

"ಮೇಲಕ್ಕೆ ಹೋಗ್ಬೇಕು ಅನ್ನೋ ಆಸೆ ಕಾಯಿಲೆ ಅಲ್ಲಮ್ಮ," ಅಂದರು ಮೇಡಂ. "ಆದ್ರೆ ನೀವು ಊಟ, ನಿದ್ದೆ ಎಲ್ಲಾ ಅದಕ್ಕೇ ಹಾಕಿ ಉರಿಸ್ತಿದೀರ. ಡಾಕ್ಟರ್ ಹತ್ರ ಹೋಗಿ. ಕೆಲವು ದಿನ ರಜೆ ಹಾಕಿ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಭಯ ಬೇಡ."

ಕತ್ತರಿ ಹೇಳಿದ ಹಾಗೆ ಕೇಳಿದಳು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದಳು. ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಕಪಾಟಿನ ಮೇಲೆ ಎಸೆದಳು. ಮಧ್ಯಾಹ್ನದ ಬಿಸಿಲಲ್ಲಿ ಅಮ್ಮನ ಪಕ್ಕ ಬಿದ್ದು ಸತ್ತವಳ ಹಾಗೆ ಮಲಗಿದಳು. ಎದ್ದು ಸಂಜೆ ಸುಮ್ಮನೆ ನಡೆದಳು, ಎಲ್ಲಿಗೂ ಅಲ್ಲ. ರಜೆ ಮುಗಿಸಿ ಬಂದವಳ ಕೈ ನಿಂತ ನೀರಿನ ಹಾಗಿತ್ತು. ಆಸೆ ಹೋಗಿರಲಿಲ್ಲ, ಅದರ ಜ್ವರ ಇಳಿದಿತ್ತು. ನಡುನಡುವೆ ಮೆಷಿನ್ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಪಾಳಿ ಮುಗಿದರೆ ಮನೆ. ವಿಚಿತ್ರವೆಂದರೆ ಹಾಳಾಗುವ ಬಟ್ಟೆ ಮೊದಲಿಗಿಂತ ಕಡಿಮೆಯಾಯಿತು. "ಈಗ ನೀನು ಗೆರೆ ಮೇಲೆ ನಡೀತಿಲ್ಲ, ಗೆರೇನೇ ನಿನ್ನ ಹಿಂದೆ ಬರ್ತಿದೆ" ಎಂದು ಹಳೆಯ ಮಾಸ್ಟರು ಬೆನ್ನು ತಟ್ಟಿದರು.

ಮ್ಯಾನೇಜರು ಕರೆಸಿದ ದಿನ ಅವಳು ಟೋಪಿ ತೆಗೆದು ತಲೆ ಬಾಚಿಕೊಂಡು ಹೋದಳು.

"ಕೂತ್ಕೊಳಮ್ಮ. ಟೀ ಕುಡಿ." ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ಅಲ್ಲಿಗೇ ಅವಳಿಗೆ ಅರ್ಧ ತಿಳಿಯಿತು. "ನೋಡು, ನಿನ್ನ ಆರೋಗ್ಯಕ್ಕಿಂತ ನಮಗೆ ಯಾವುದೂ ದೊಡ್ಡದಲ್ಲ. ಮಾಸ್ಟರ್ ಕೆಲಸ ಅಂದ್ರೆ ತಲೆ ಮೇಲೆ ಬಂಡೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಆರೋಗ್ಯ ಚೆನ್ನಾಗಿದೆ ಸರ್. ಕೆಲಸ ನೋಡಿ."

"ಇವತ್ತು ಚೆನ್ನಾಗಿದೆ. ನಾಳೆ? ಬ್ಲೇಡು ಓಡ್ತಿದೆಯೋ ನಿಂತಿದೆಯೋ ಅಂತಾನೇ ಗೊತ್ತಾಗದೆ ನಿಂತೋರ ಕೈಗೆ ಇಡೀ ವಿಭಾಗ ಹೇಗೆ ಕೊಡೋದು, ನೀನೇ ಹೇಳು?"

ಟೀ ಲೋಟ ಅವಳ ಕೈಯಲ್ಲೇ ಉಳಿಯಿತು. "ಯಾರಿಗೆ ಕೊಟ್ರಿ?"

"ನಿಮ್ಮ ಅಕ್ಕನಿಗೇ. ಹೊರಗಿನೋರಿಗಲ್ಲವಲ್ಲ, ಸಂತೋಷ ಪಡು."

ಅವಳು ನೇರ ಹಳದಿ ಕೋಣೆಗೆ ನುಗ್ಗಿದಳು. ಬಾಗಿಲು ಗೋಡೆಗೆ ಬಡಿಯಿತು. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂದ್ರಲ್ಲ ಮೇಡಂ! ಹೊಟ್ಟೇಲಿರೋದನ್ನ ಕಕ್ಕಿಸಿ ಅವರ ಮೇಜಿನ ಮೇಲೆ ಹರಡಿದ್ರಾ? ಬ್ಲೇಡಿನ ಮಾತೂ ಹೇಳ್ಬಿಟ್ರಾ?"

ಮೇಡಂ ಎದ್ದು ನಿಂತರು. "ಅವರು ಕೇಳಿದ್ದು ನಿಜ. ನಾನು ಬಾಯಿ ಬಿಡ್ಲಿಲ್ಲ. ಅದಕ್ಕೇ ನನ್ನ ಮೇಲೂ ಸಿಟ್ಟಾಗಿದಾರೆ." ಆಮೇಲೆ ಅರ್ಥವಾಗದೆ ಕೇಳಿದರು, "ಯಾವ ಬ್ಲೇಡಿನ ಮಾತಮ್ಮ? ನೀವು ನನಗೆ ಬ್ಲೇಡಿನ ವಿಷಯ ಹೇಳೇ ಇಲ್ಲವಲ್ಲ?"

ಕತ್ತರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೌದು. ಇಲ್ಲಿ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಆ ಮಾತು ಹಿತ್ತಲ ನಲ್ಲಿಯ ಹತ್ತಿರ ಒಂದೇ ಒಂದು ಕಿವಿಗೆ ಬಿದ್ದಿತ್ತು.

ಅದೇ ನಲ್ಲಿಯ ಹತ್ತಿರ ಅಕ್ಕ ಊಟದ ಡಬ್ಬಿ ತೊಳೆಯುತ್ತಿದ್ದಳು.

"ನಿನ್ನ ಬಾವಿಗೆ ಹಗ್ಗ ಬಿಟ್ಟು ಮ್ಯಾನೇಜರು ಸೇದ್ಕೊಂಡ್ರಾ ಅಕ್ಕ?"

ಅಕ್ಕ ತಿರುಗಿ ನೋಡಲಿಲ್ಲ. ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು. "ಕರೆದು ಕೇಳಿದ್ರು. ನೀನು ಆಗಬಹುದಾ ಅಂತ. ನಿನ್ನ ಕೈ ಹೋಗ್ಬಾರ್ದು ಅಂತ ಹೇಳ್ದೆ."

"ಕೈ ಹೋಗ್ಬಾರ್ದು ಅಂತಾನಾ? ಕುರ್ಚಿ ಸಿಗ್ಲಿ ಅಂತಾನಾ?"

ಆಗ ಅಕ್ಕ ತಿರುಗಿದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟಿತ್ತು. "ಎರಡಕ್ಕೂ ಅಂತ ಇಟ್ಕೋ! ನಿನಗೊಬ್ಬಳಿಗೇನಾ ನಿದ್ದೆ ಕೆಟ್ಟಿರೋದು? ನಿನಗೊಬ್ಬಳಿಗೇನಾ ಎದೆ ಹೊಡ್ಕೊಳ್ಳೋದು? ಮಕ್ಕಳು ಸಣ್ಣೋರಿದ್ದಾಗಿಂದ ನನಗೂ ಇದೆ. ನಾನು ಯಾವತ್ತಾದ್ರೂ ಬಾಯಿ ಬಿಟ್ನಾ? ನುಂಗ್ಕೊಂಡೆ. ನುಂಗ್ಕೊಂಡು ನಗ್ತಾ ನಗ್ತಾ ನಿನ್ನೆದುರು ಹಿಡ್ಕೊಂಡು ನಿಂತೆ. ನೀನು ಹೇಳ್ಕೊಂಡೆ, ರಜೆ ಹಾಕ್ದೆ, ಮಲಗ್ದೆ. ಮಲಗಿ ಎದ್ದು ಬಂದು ಮಾಸ್ಟರೂ ಆಗ್ಬೇಕು ಅಂದ್ರೆ? ಎರಡೂ ಬೇಕಾ ನಿನಗೆ?"

"ಹೌದು," ಅಂದಳು ಕತ್ತರಿ. "ಎರಡೂ ಬೇಕು. ಎರಡೂ ನನ್ನದೇ ಆಗಿತ್ತು. ಹೋಗು ಅಂತ ಆ ಕೋಣೆಗೆ ಕಳಿಸಿದೋಳೂ ನೀನೇ."

ಸುದ್ದಿಗೆ ಕಾಲು ಬೇಕಾಗಲಿಲ್ಲ. ಹಳದಿ ಕೋಣೆಯ ಮುಂದೆ ಊಟದ ಹೊತ್ತಿಗೆ ನಿಲ್ಲುತ್ತಿದ್ದ ಹೆಂಗಸರು ಕರಗಿಹೋದರು. ಇಸ್ತ್ರಿ ಮಾಡುವವಳು, ಗಂಡನ ಹೊಡೆತದ ವಿಷಯ ಹೇಳಿಕೊಳ್ಳಲು ಹೋಗುತ್ತಿದ್ದವಳು, ಈಗ ಆ ಬಾಗಿಲ ಮುಂದೆ ತಲೆ ತಗ್ಗಿಸಿ ಬೇಗಬೇಗ ದಾಟುತ್ತಿದ್ದಳು. ಬಾಯಿ ತೆರೆ ಅನ್ನುವವರೇ ತೆರೆದ ಬಾಯೊಳಗಿನ ಹಲ್ಲು ಎಣಿಸಿಟ್ಟುಕೊಳ್ಳುತ್ತಾರೆಂದು ಗೊತ್ತಾದ ಮೇಲೆ ಯಾರು ತಾನೇ ಬಾಯಿ ತೆರೆದಾರು? ಒಬ್ಬಳಿಗೆ ಮಾಡಿದ ಮೋಸ ಎಲ್ಲರ ತುಟಿಗೂ ಹೊಲಿಗೆ ಹಾಕಿತ್ತು. ಮೇಡಂ ಖಾಲಿ ಕುರ್ಚಿಯೆದುರು ಒಬ್ಬರೇ ಕೂತಿರುತ್ತಿದ್ದರು.

ಅಕ್ಕ ಮಾಸ್ಟರಾದ ಮೇಲಿನ ಮೊದಲ ದೊಡ್ಡ ಕೆಲಸ ಕೋಟಿನ ಒಳಪದರದ ಬಟ್ಟೆ. ರೇಷ್ಮೆಯ ಹಾಗೆ ನುಣುಪು, ಮೀನಿನ ಹಾಗೆ ಜಾರುವಂಥದ್ದು. ಕತ್ತರಿಯ ಎದುರು ಹೊಸದಾಗಿ ನಿಲ್ಲಿಸಿದ್ದವಳ ಕೈಯಲ್ಲಿ ಪದರಗಳು ನಿಲ್ಲಲಿಲ್ಲ. ಒಂದು ಹಾಸು ಆಗಲೇ ಕೆಟ್ಟಿತ್ತು. ಮ್ಯಾನೇಜರು ಬಂದು ಮೇಜಿನ ತುದಿಯಲ್ಲಿ ನಿಂತರು.

"ಸರಿ, ನಾನೇ ಹಿಡೀತೀನಿ," ಅಂದಳು ಅಕ್ಕ. ಮಾಸ್ಟರ ಬಿಳಿ ಕೋಟಿನ ತೋಳು ಮೇಲಕ್ಕೆ ಮಡಚಿ, ತನ್ನ ಹಳೆಯ ಜಾಗದಲ್ಲಿ ನಿಂತು, ಎರಡೂ ಅಂಗೈ ಊರಿದಳು. "ಹಿಡಿದೆ."

ಕತ್ತರಿ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

"ಹಿಡಿದೆ ಕಣೇ," ಅಂದಳು ಅಕ್ಕ ಮತ್ತೆ.

ಕತ್ತರಿಯ ಕೈ ನಡುಗುತ್ತಿರಲಿಲ್ಲ. ಬ್ಲೇಡು ನಿಂತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ಮಾತ್ರ ಕಿವಿಯೊಳಗೆ ಇಳಿಯದೆ ಹೊರಗೇ ನಿಂತಿತ್ತು. ಅವಳು ಉಕ್ಕಿನ ಬಲೆಯ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಸ್ವಿಚ್ಚು ಆರಿಸಿದಳು.

"ಏನಾಯ್ತು?" ಅಂದರು ಮ್ಯಾನೇಜರು.

"ಹಿಡಿದಿರೋರ ಮೇಲೆ ನಂಬಿಕೆ ಇಲ್ಲ ಸರ್. ಓಡಿಸಲ್ಲ."

ಮೆಷಿನ್ನುಗಳು ಒಂದೊಂದಾಗಿ ನಿಂತವು. ಮ್ಯಾನೇಜರು ಸುತ್ತ ನೋಡಿ, ಎಲ್ಲರಿಗೂ ಕೇಳುವ ಹಾಗೆ, ಆದರೆ ಅದೇ ಬೆಣ್ಣೆಯ ದನಿಯಲ್ಲಿ ಹೇಳಿದರು: "ನೋಡಿದ್ರಾ? ಇದಕ್ಕೇ ನಾನು ಹೇಳಿದ್ದು. ಹೋಗಮ್ಮ, ಹಳದಿ ಕೋಣೇಲಿ ಸ್ವಲ್ಪ ಹೊತ್ತು ಕೂತ್ಕೋ."

"ಈಗ ಅಲ್ಲಿ ನೆಮ್ಮದಿಯಾಗಿರೋದು ಫ್ಯಾನ್ ಒಂದೇ," ಅಂತ ರೇಡಿಯೋ ಗೊಣಗಿದಳು. ಯಾರೂ ನಗಲಿಲ್ಲ.

ಕತ್ತರಿ ಬೆರಳು ಬಿಡಿಸಿ ಕೈಯನ್ನು ಮ್ಯಾನೇಜರ ಮೂಗಿನ ಮಟ್ಟಕ್ಕೆ ಚಾಚಿದಳು. "ನೋಡಿ ಸರ್. ನಡುಗ್ತಿದೆಯಾ?"

ಅವರು ನೋಡಲಿಲ್ಲ. ನೋಡಿದರೆ ಒಪ್ಪಬೇಕಾಗುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿದರು.

ಆಗಲೇ ಕತ್ತರಿಯ ಕಿವಿಗೆ ಅದು ಬಿತ್ತು. ಬಟ್ಟೆಯ ಮೇಲಿನ ಹಾಳೆ ಸಣ್ಣಗೆ ಚರಚರ ಅನ್ನುತ್ತಿತ್ತು. ಇಷ್ಟು ದಿನ ತಲೆಯೆತ್ತಿ ನೋಡದ ಆ ಕೈಗಳನ್ನು ಅವಳು ಮೊದಲ ಸಲ ನೋಡಿದಳು. ಅಕ್ಕನ ಬೆರಳುಗಳು ನಡುಗುತ್ತಿದ್ದವು. ಒತ್ತಿದಷ್ಟೂ ನಡುಗುತ್ತಿದ್ದವು. "ಆಯ್ತು" ಅನ್ನುವವರೆಗೆ ಅವಳು ಅವನ್ನು ತೆಗೆದು ಬಚ್ಚಿಡುವಂತಿರಲಿಲ್ಲ. ಅಕ್ಕನ ಕಣ್ಣು ಬೇಡುತ್ತಿತ್ತು. ಮ್ಯಾನೇಜರ ನೋಟ ಗೋಡೆಯಿಂದ ಮೇಜಿಗೆ, ಮೇಜಿನಿಂದ ಬಟ್ಟೆಯ ಅಂಚಿಗೆ ಇಳಿದು ಬರುತ್ತಿತ್ತು. ಇನ್ನೊಂದಿಷ್ಟು ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಕತ್ತರಿ ಏನೂ ಮಾಡಬೇಕಾಗಿರಲಿಲ್ಲ.

"ಆಯ್ತು," ಅಂದಳು ಕತ್ತರಿ.

ಅಕ್ಕ ಸರಕ್ಕನೆ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ಸೇರಿಸಿದಳು. ನುಣುಪು ಬಟ್ಟೆ ಪದರ ಪದರವಾಗಿ ಜಾರಿ ನೆಲಕ್ಕೆ ಇಳಿಯಿತು. ಯಾರೂ ಹಿಡಿಯಲು ಹೋಗಲಿಲ್ಲ.

"ಕೇಳೇ ಇಲ್ಲಿ..." ಅಂದಳು ಅಕ್ಕ.

ಕತ್ತರಿ ಸ್ಟೂಲು ಎಳೆದು ಕೂತಳು. ಬಾಟಲಿಯ ಮುಚ್ಚಳ ತಿರುಗಿಸಿ, ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ನೀರು ಕುಡಿದಳು. ಮುಚ್ಚಳ ಹಾಕಿದ ಮೇಲೆ, ಬೇರೆ ಯಾವುದೋ ವಿಭಾಗದವಳ ಜೊತೆ ಮಾತಾಡುವ ಹಾಗೆ ಹೇಳಿದಳು:

"ಹಿಡಿಯೋಕೆ ಬೇರೆ ಯಾರನ್ನಾದ್ರೂ ಕಳ್ಸಿ, ಮಾಸ್ಟರೇ."