ಹತ್ತು ಲಕ್ಷದ ಮೂರು

“ಕೊನೇ ಮೂರು ಎಲ್ಲಿ ಹೋಯ್ತು?”

ಅವಳು ಕೇಳಿದ್ದೇ ಕಲ್ಲುಕುಟಿಗ ಉಳಿ ಕೆಳಗಿಟ್ಟ. ಅವಳ ಗಂಡನ ಸಮಾಧಿಯ ಮೇಲೆ ನಿಲ್ಲಿಸಬೇಕಾದ ಕಪ್ಪು ಕಲ್ಲು ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಹೆಸರು ಸರಿಯಾಗಿತ್ತು. ಕೆಳಗೆ 1000003 ಇರಬೇಕಾದಲ್ಲಿ 1000001 ಇತ್ತು. ಅವಳ ಮೈಯೆಲ್ಲ ಉರಿದುಹೋಯಿತು.

ಕಲ್ಲುಕುಟಿಗ ತಡವರಿಸಿದ. ಎರಡೂ ತುದಿಯಿಂದ ನಡುವಿಗೆ ಕೆತ್ತಿಕೊಂಡು ಬರುವುದು ಅವನ ಪದ್ಧತಿ. ಒಂದು ತುದಿಗೆ ತೆಳ್ಳನೆಯ ಒಂದು, ಇನ್ನೊಂದು ತುದಿಗೆ ದಪ್ಪ ಮೂರು ಬಂದರೆ ಸಾಲು ವಾಲಿದಂತೆ ಕಾಣುತ್ತದಂತೆ. ಕೇಳಿದ್ದಕ್ಕೆ, ಎರಡು ಕಡೆಯೂ ಒಂದೇ ಇರಲಿ ಎಂದು ಭಾವನೇ ಹೇಳಿದನಂತೆ.

ಭಾವ, ಗಂಡನ ಅಣ್ಣ, ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಲೆಕ್ಕ ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ತಮ್ಮನನ್ನು ನಾಲ್ಕು ಜನರೆದುರು ಆಡಿಕೊಂಡೇ ಮುದುಕನಾದವನು.

“ಎರಡರ ವ್ಯತ್ಯಾಸ ತಾನೇನಮ್ಮಾ? ಹತ್ತು ಲಕ್ಷದಲ್ಲಿ ಎರಡು ಯಾವ ಮೂಲೆಗೆ?”

ಹತ್ತು ಲಕ್ಷ ದಾಟಿದ ಮೇಲೆ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಮೊದಲ ಸಂಖ್ಯೆ ಆ 1000003. ಪುಸ್ತಕದಲ್ಲೇ ಇದೆಯಲ್ಲ ಎಂದರೆ ಗಂಡ ಕೇಳಿರಲಿಲ್ಲ. ಕೈಯಾರೆ ಭಾಗಿಸಿ ನೋಡಬೇಕು ಎಂದು ಕಾಯಿಲೆಯ ಹಾಸಿಗೆಯಲ್ಲೇ ಹಠ ಹಿಡಿದಿದ್ದ. ಕೈ ನಡುಗತೊಡಗಿದ ಮೇಲೆ ಅವನು ಹೇಳುತ್ತಿದ್ದ, ಇವಳು ಭಾಗಿಸುತ್ತಿದ್ದಳು. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ, ಹಾಗಾಗಿ ಸಾವಿರದವರೆಗೆ ನೋಡಿದರೆ ಸಾಕಿತ್ತು. ಕೊನೆಯದಾದ ಒಂಬೈನೂರ ತೊಂಬತ್ತೇಳಕ್ಕೂ ಹನ್ನೆರಡು ಉಳಿದಾಗ ಅವನು ಮಗುವಿನ ಹಾಗೆ ನಕ್ಕು, ನನ್ನ ಕಲ್ಲಿನ ಮೇಲೆ ಇದಿರಲಿ ಅಂದಿದ್ದ. ಬಾಳಿನಲ್ಲಿ ಅವನು ಬಾಯಿಬಿಟ್ಟು ಕೇಳಿದ್ದೇ ಅಷ್ಟು. ಅದಕ್ಕೂ ಅಣ್ಣ ಕೈಹಾಕಿದ್ದ.

ಅವಳು ಕಲ್ಲುಕುಟಿಗನ ಸೀಮೆಸುಣ್ಣ ಎತ್ತಿ ಭಾವನ ಕೈಗಿಟ್ಟಳು.

“ನೀವು ಕೆತ್ತಿಸಿದ್ದನ್ನ ನೂರ ಒಂದರಿಂದ ಭಾಗಿಸಿ.”

ಅವಳ ಮುಖ ನೋಡಿ ಅವನು ಕುರ್ಚಿ ಬಿಟ್ಟು ನೆಲಕ್ಕೆ ಕೂತು, ಅಲ್ಲೇ ಸೀಮೆಸುಣ್ಣದಲ್ಲಿ ಭಾಗಿಸಿದ. ಒಂಬತ್ತು ಸಾವಿರದ ಒಂಬೈನೂರ ಒಂದು ಬಂತು. ಉಳಿದದ್ದು ಸೊನ್ನೆ. ಸಲೀಸಾಗಿ ಹೋಯಿತಲ್ಲ ಎಂದು ಅವನಿಗೆ ಖುಷಿಯೇ ಆಯಿತು.

“ಹೋಗುತ್ತೆ. ಈಗ ನಮ್ಮದನ್ನ ಭಾಗಿಸಿ.”

ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದಕ್ಕೂ ನಾಲ್ಕು. ಹದಿಮೂರಕ್ಕೂ ನಾಲ್ಕೇ ಉಳಿದಾಗ ಎಲ್ಲೋ ಎಡವಿದೆ ಎಂದುಕೊಂಡು ಅಂಗೈಯಿಂದ ಒರೆಸಿ ಮತ್ತೆ ಮಾಡಿದ. ಮತ್ತೆ ನಾಲ್ಕು.

ಅಷ್ಟರಲ್ಲಿ ಕಲ್ಲುಕುಟಿಗ ತನ್ನ ಕಷ್ಟ ಹೇಳಿಕೊಂಡ. ಕೆತ್ತಿದ ಒಂದನ್ನು ಮೂರು ಮಾಡಲು ಬರುವುದಿಲ್ಲ. ಆ ಜಾಗವನ್ನಷ್ಟೇ ಉಜ್ಜಿದರೆ ಗುಳಿ ಬೀಳುತ್ತದೆ. ಕಲ್ಲಿನ ಇಡೀ ಮುಖವನ್ನೇ ಸವೆಸಬೇಕು.

“ಹೆಸರೂ ಹೋಗುತ್ತೆ, ಅಕ್ಕಾ.”

ಭಾವ ತಲೆಯೆತ್ತಿದ. ಹೆಸರು ಅಳಿಸುವುದು ಬೇಡ ಎನ್ನಲು ಬಾಯಿ ತೆರೆದ.

“ಹೋಗ್ಲಿ,” ಅಂದಳು ಅವಳು, ಭಾವನನ್ನೇ ನೋಡುತ್ತ. “ಹೆಸರು ನೀವುಗಳು ಇಟ್ಟಿದ್ದು. ಸಂಖ್ಯೆ ಅವರು ಕೇಳಿದ್ದು. ಮೊದಲು ಅದು ಬರಲಿ. ಜಾಗ ಮಿಕ್ಕರೆ ಹೆಸರು.”

ಉಜ್ಜುವ ಯಂತ್ರ ಗರಗರ ಎಂದಿತು. ಕಲ್ಲು ಕಾಯದಂತೆ ನೀರು ಬಿಡಲು ಪೈಪನ್ನು ಅವಳೇ ಹಿಡಿದಳು. ಗಂಡನ ಹೆಸರಿನ ಮೊದಲ ಅಕ್ಷರ ಮಸುಕಾಯಿತು, ಆಮೇಲೆ ಎರಡನೆಯದು. ಅವಳು ಪೈಪು ಬಿಡಲಿಲ್ಲ. ಕಪ್ಪು ನೀರು ನೆಲದ ಮೇಲೆ ಹರಿದು ಭಾವನ ಅಂಕಿಗಳವರೆಗೆ ಬಂತು. ಅವನು ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದು, ಒಣನೆಲದಲ್ಲಿ ಮುಂದಿನ ಭಾಗಾಕಾರಕ್ಕೆ ಹದಿನೇಳು ಬರೆದುಕೊಂಡ.