ಬಟ್ಟೆಗಂಟಿನ ಮೇಲೆ ಅಮ್ಮನ ಕಾಲು

ಬೀದಿಯ ತಿರುವಿನಲ್ಲಿರುವ ಇಸ್ತ್ರಿ ಅಂಗಡಿಯವರನ್ನು ಎಲ್ಲರೂ ಇಸ್ತ್ರಿ ಮಾವ ಎಂದೇ ಕರೆಯುತ್ತಾರೆ. ಹಾಗಾಗಿ ಅವರ ಹೆಂಡತಿ ಇಡೀ ಬೀದಿಗೆ ಅತ್ತೆ. ಮಾವನ ಕೈಗೆ ಬಂದ ಅಂಗಿಯಲ್ಲಿ ಒಂದು ಸುಕ್ಕೂ ಉಳಿಯುವುದಿಲ್ಲ. ಆದರೆ ಅವರ ಎಡಗಾಲಿನ ಹುಣ್ಣು ಮಾತ್ರ ಮೂರು ವರ್ಷದಿಂದ ಜಪ್ಪಯ್ಯ ಅಂದರೂ ಹೋಗಿರಲಿಲ್ಲ. ಪಾದದ ಗಿಣ್ಣಿಗಿಂತ ಸ್ವಲ್ಪ ಮೇಲೆ, ಒಳಬದಿಯಲ್ಲಿ, ಅಂಗೈ ಅಗಲ ಆಗಿತ್ತು. ಸುತ್ತಲಿನ ಚರ್ಮ ಕಪ್ಪಾಗಿತ್ತು. ಸಂಜೆಯಾದರೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

ಮಾವನ ವೈದ್ಯವೂ ಕಸುಬಿನದೇ. ಒದ್ದೆಯಾದದ್ದಕ್ಕೆ ಬಿಸಿ ತಗುಲಿದರೆ ಒಣಗುತ್ತದೆ, ಒಣಗಿದರೆ ಕೆಲಸ ಮುಗಿಯಿತು. ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ ಹುಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ರಾತ್ರಿ ಒಣಗಿದಂತೆ ಕಾಣುತ್ತಿತ್ತು, ಬೆಳಿಗ್ಗೆ ಮತ್ತೆ ಒಸರುತ್ತಿತ್ತು.

"ಆಸ್ಪತ್ರೆಗೆ ಹೋಗೋಣ ಅಂದ್ರೆ ಕೇಳಲ್ಲ ನೀವು," ಎಂದು ಅತ್ತೆ ಗೊಣಗುತ್ತಿದ್ದರು.

"ಹೋದ್ರೆ ಕಾಲು ತೆಗೀಬೇಕು ಅಂತಾರೆ ಕಣೇ. ಕಾಲು ಹೋದ್ರೆ ಈ ಮೇಜೂ ಹೋಯ್ತು. ಕೂತ್ಕೊಂಡು ಇಸ್ತ್ರಿ ಮಾಡೋರನ್ನ ಎಲ್ಲಾದ್ರೂ ನೋಡಿದ್ದೀಯಾ?"

ಆ ಮೇಜು ಅವರ ಅಮ್ಮನದು. ಅದರ ಮೇಲೆ ಹಾಸಿದ ಕಂಬಳಿಯೂ ಅಮ್ಮನದೇ. ಅಮ್ಮ ಇದ್ದಿಲು ತುಂಬಿದ ಭಾರದ ಪೆಟ್ಟಿಗೆ ಎತ್ತಿ ಆಡಿಸುತ್ತಿದ್ದಳು. ಬೆಳಗಿನ ಹೊತ್ತು ಕೆಂಡ ಊದುವ ಸದ್ದು, ಬಿಸಿ ತಾಗಿದ ಹತ್ತಿಯ ವಾಸನೆ, ಅಮ್ಮ ಬೆರಳ ತುದಿಯಿಂದ ಚಿಮುಕಿಸುತ್ತಿದ್ದ ನೀರು. ಮೇಜಿನ ಕೆಳಗೆ ಕೂತ ಮಗನ ತಲೆಗೂ ನಾಲ್ಕು ಹನಿ ಬೇಕೆಂದೇ ಚಿಮುಕಿಸಿ, "ನಿನ್ನ ಸುಕ್ಕೂ ತೆಗೀತೀನಿ ಬಾ" ಎನ್ನುತ್ತಿದ್ದಳು. ಈಗಲೂ ಅಂಗಿಗೆ ನೀರು ಚಿಮುಕಿಸುವಾಗ ಮಾವನಿಗೆ ಆ ಮಾತು ಕೇಳಿಸುತ್ತದೆ.

ಅಮ್ಮನ ಕಾಲಿನಲ್ಲೂ ಇಂಥದೇ ಹುಣ್ಣಿತ್ತು. ಮಧ್ಯಾಹ್ನ ನೋವು ತಡೆಯಲಾಗದೆ ನೆಲದ ಮೇಲೆ ಒರಗಿ, ಇಸ್ತ್ರಿಗೆ ಬಂದ ಬಟ್ಟೆಗಂಟಿನ ಮೇಲೆ ಕಾಲು ಚಾಚುತ್ತಿದ್ದಳು. ಅಪ್ಪ ನಗುತ್ತಿದ್ದ. "ನೋಡ್ರೋ, ಮಹಾರಾಣಿ ದರ್ಬಾರು ಶುರುವಾಯ್ತು! ಜನ ಕೊಟ್ಟ ಬಟ್ಟೆ ಮೇಲೆ ರಾಣಿ ಪಾದ!" ಮನೆಯವರೆಲ್ಲ ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು. ಆಮೇಲೆ ಕಾಲು ಇಳಿಸಿ, ಎದ್ದು, ಮತ್ತೆ ಮೇಜಿಗೆ ನಿಲ್ಲುತ್ತಿದ್ದಳು. ಮಾವನಿಗೆ ಅದೊಂದು ಸಿಹಿ ನೆನಪಾಗಿಯೇ ಉಳಿದಿತ್ತು.

ಒಂದು ಸಂಜೆ ದೊಡ್ಡಾಸ್ಪತ್ರೆಯ ನರ್ಸಮ್ಮ ತಮ್ಮ ಬಿಳಿ ಬಟ್ಟೆ ತೆಗೆದುಕೊಂಡು ಹೋಗಲು ಬಂದರು. ಅವರ ಕೆಲಸವೇ ಗಾಯಗಳಿಗೆ ಪಟ್ಟಿ ಕಟ್ಟುವುದು. ಮಾವ ಬಿಸಿಬಟ್ಟೆಯನ್ನು ಕಾಲಿಗೆ ಒತ್ತಿಕೊಂಡಿದ್ದನ್ನು ಕಂಡು ಹೌಹಾರಿದರು.

"ಮಾವ, ಏನ್ ಮಾಡ್ತಿದ್ದೀರಿ?"

"ಒಣಗಿಸ್ತಿದ್ದೀನಮ್ಮ. ಒದ್ದೆ ಇದ್ರೆ ವಾಸಿಯಾಗುತ್ತಾ?"

"ಒಣಗಿ ಸೆಟೆದ ಅಂಗಿಗೆ ನೀವು ಹಾಗೇ ಇಸ್ತ್ರಿ ಹಾಕ್ತೀರಾ?"

"ಎಲ್ಲಾದ್ರೂ ಉಂಟಾ? ನೀರು ಚಿಮುಕಿಸ್ಬೇಕು. ಇಲ್ದಿದ್ರೆ ಸುಕ್ಕು ಹೋಗಲ್ಲ."

"ಚರ್ಮಾನೂ ಅಷ್ಟೇ. ಹದವಾಗಿ ಪಸೆ ಇದ್ರೇನೇ ಹೊಸ ಚರ್ಮ ಬೆಳೆಯೋದು. ನೀವು ದಿನಾ ಬಿಸಿ ಇಟ್ಟು ಅದನ್ನೇ ಸುಡ್ತಿದ್ದೀರಿ."

ತಮ್ಮ ಕಸುಬಿನ ಮಾತೇ ತಿರುಗುಬಾಣವಾಗಿತ್ತು. ಮಾವ ಬಟ್ಟೆ ಕೆಳಗಿಟ್ಟರು.

"ದಿನವಿಡೀ ನಿಂತು ದುಡಿಯೋರಲ್ಲಿ ಎಷ್ಟೋ ಜನಕ್ಕೆ ರಕ್ತ ಕಾಲಲ್ಲೇ ನಿಂತುಬಿಡುತ್ತೆ," ಎಂದು ನರ್ಸಮ್ಮ ಬೆಂಚಿನ ಮೇಲೆ ಕೂತರು. "ಅದನ್ನ ಮೇಲಕ್ಕೆ ಒಯ್ಯೋ ರಕ್ತನಾಳ ಸೋತಿರುತ್ತೆ. ಅದಕ್ಕೇ ಊತ, ಅದಕ್ಕೇ ಹುಣ್ಣು. ನಿಮ್ಮದೂ ಅದೇ ಇರಬಹುದು, ಪರೀಕ್ಷೆ ಮಾಡಿಸಿ. ಅದೇ ಆದ್ರೆ ರಕ್ತ ಮೇಲಕ್ಕೆ ಹತ್ತೋ ಹಾಗೆ ಬಿಗಿಪಟ್ಟಿ ಕಟ್ಟಬೇಕು. ನಮ್ಮಲ್ಲಿ ಈಗ ಸಂಶೋಧನೆ ಬೇರೆ ನಡೀತಿದೆ. ಈಗಾಗಲೇ ಕಟ್ಟೋ ಪಟ್ಟಿ ಒಂದು, ಹೊಸ ಥರದ್ದು ಇನ್ನೊಂದು. ಯಾವುದ್ರಲ್ಲಿ ಬೇಗ ವಾಸಿಯಾಗುತ್ತೆ ಅಂತ ನೋಡ್ತಿದ್ದಾರೆ."

ಮಾವನ ಮುಖ ಗಂಟಿಕ್ಕಿತು. "ಪ್ರಯೋಗಾನಾ? ನಾನೇನು ಇಲಿಯೇನಮ್ಮ?"

"ಇಲಿನ ಯಾರೂ ಒಪ್ಪಿಗೆ ಕೇಳಲ್ಲ ಮಾವ. ನಿಮ್ಮನ್ನ ಕೇಳ್ತಾರೆ."

ಅತ್ತೆ ಕೈ ಒರೆಸಿಕೊಂಡು ಹೊರಗೆ ಬಂದರು. "ಮಧ್ಯದಲ್ಲಿ ಬೇಡ ಅನ್ನಿಸಿದ್ರೆ?"

"ಬಿಟ್ಟು ಬರಬಹುದು ಅತ್ತೆ. ಯಾಕೆ ಅಂತ ಹೇಳಬೇಕಾಗಿಲ್ಲ. ಚಿಕಿತ್ಸೆಯಂತೂ ನಿಲ್ಲಲ್ಲ."

"ಹೊಸದ್ರಿಂದ ತೊಂದ್ರೆ ಆದ್ರೆ?"

"ಆಗೋದೇ ಇಲ್ಲ ಅಂದ್ರೆ ಸುಳ್ಳು ಹೇಳಿದ ಹಾಗೆ. ಏನೇನಾಗಬಹುದು ಅಂತ ಮೊದಲೇ ತಿಳಿಸ್ತಾರೆ, ವಾರವಾರ ನೋಡ್ತಾರೆ. ಸಂಶೋಧನೆಗೆ ಸೇರದಿದ್ರೂ ಪರವಾಗಿಲ್ಲ, ಕಾಲು ತೋರಿಸೋಕಾದ್ರೂ ಬನ್ನಿ."

ಆ ವಾರವೇ ಅತ್ತೆ ಮಾವನನ್ನು ಹೊರಡಿಸಿದರು. ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಯಾಯಿತು. ತೋಳಿನಲ್ಲೂ ಕಾಲಿನಲ್ಲೂ ರಕ್ತದೊತ್ತಡ ಅಳೆದರು. "ಪಾದಕ್ಕೆ ರಕ್ತ ಸರಿಯಾಗಿ ಇಳೀತಿಲ್ಲ ಅಂದ್ರೆ ಬಿಗಿಪಟ್ಟಿಯಿಂದ ಕಾಲಿಗೇ ಕುತ್ತು. ಅದಕ್ಕೇ ಅಳೆಯದೆ ಕಟ್ಟಲ್ಲ," ಎಂದರು ಡಾಕ್ಟರು. ನರ್ಸಮ್ಮ ಊಹಿಸಿದ್ದೇ ನಿಜವಾಗಿತ್ತು, ಬಿಗಿಪಟ್ಟಿ ಕಟ್ಟಬಹುದಿತ್ತು. ಕಾಲು ತೆಗೆಯುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸಂಶೋಧನೆಯ ವಿಷಯ ಪೂರ್ತಿ ಓದಿ ಹೇಳಿ, "ಮನೆಯಲ್ಲಿ ಯೋಚನೆ ಮಾಡಿ ಬನ್ನಿ, ಅವಸರ ಇಲ್ಲ," ಎಂದರು.

ಆಮೇಲೆ ನರ್ಸಮ್ಮ ಮಾವನನ್ನು ಮಂಚದ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿನ ಮೇಲೆ ದಿಂಬು ಇಟ್ಟರು. "ಕಾಲು ಎದೆಗಿಂತ ಮೇಲಿರಬೇಕು. ನಿಂತ ರಕ್ತ ಇಳಿದು ಬರಲಿ. ದಿನಾ ಮಧ್ಯಾಹ್ನ ಹೀಗೇ ಮಲಗಿ. ಇದು ಸೋಮಾರಿತನ ಅಲ್ಲ ಮಾವ, ಇದೂ ಔಷಧಿನೇ."

ಮಾವನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ನೋವಾಯ್ತಾ?" ಎಂದು ನರ್ಸಮ್ಮ ಗಾಬರಿಯಾದರು.

"ಇಲ್ಲಮ್ಮ. ನಮ್ಮಮ್ಮ ಹೀಗೇ ಮಲಗ್ತಿದ್ಲು. ಬಟ್ಟೆಗಂಟಿನ ಮೇಲೆ ಕಾಲಿಟ್ಕೊಂಡು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳ ಕಾಲೇ ಹೇಳಿತ್ತು. ನಾವೆಲ್ಲ ನಕ್ಕು ನಕ್ಕು ಆ ಕಾಲನ್ನ ಕೆಳಗಿಳಿಸಿಬಿಟ್ವಿ."

ನರ್ಸಮ್ಮ ಕಾಲ ಕೆಳಗಿನ ದಿಂಬು ಸರಿಮಾಡಿದರು. "ಆಗ ನಿಮಗೆ ಹೇಳೋರಿರಲಿಲ್ಲ ಮಾವ. ಈಗ ನಿಮ್ಮ ಕಾಲು ನೋಡಿ ಕಲಿತದ್ದು ಮುಂದೆ ಯಾರದೋ ಅಮ್ಮನಿಗೆ ಆಗುತ್ತೆ."

ಗಂಡ ಹೆಂಡತಿ ಮನೆಯಲ್ಲಿ ಎರಡು ದಿನ ಮಾತಾಡಿ, ಮೂರನೆಯ ದಿನ ಹೋಗಿ ಸಹಿ ಹಾಕಿದರು. ಯಾರಿಗೆ ಯಾವ ಪಟ್ಟಿ ಎಂದು ಆರಿಸುವುದು ಡಾಕ್ಟರಲ್ಲ, ಕಂಪ್ಯೂಟರು. ಚೀಟಿ ಎತ್ತಿದ ಹಾಗೆ. ಮಾವನಿಗೆ ಬಂದದ್ದು ಮೊದಲಿನಿಂದ ಕಟ್ಟುವ ಪಟ್ಟಿಯೇ.

"ಇಷ್ಟೆಲ್ಲ ಮಾಡಿ ನನಗೆ ಹಳೇದೇ ಬಂತಾ?" ಎಂದು ಮಾವ ಮುಖ ಊದಿಸಿಕೊಂಡರು.

"ಹಳೇದು ಗುಣ ಮಾಡುತ್ತೆ ಅಂತ ಗೊತ್ತಿರೋದಕ್ಕೇ ಕಟ್ಟೋದು. ಹೊಸದು ಅದಕ್ಕಿಂತ ಮೇಲೋ ಅಲ್ವೋ ಅನ್ನೋದೇ ಇನ್ನೂ ಗೊತ್ತಿಲ್ಲ," ಎಂದು ನಕ್ಕರು ನರ್ಸಮ್ಮ.

ಹುಣ್ಣು ಒಂದೇ ಏಟಿಗೆ ಮಾಯಲಿಲ್ಲ. ಮೊದಲು ಊತ ಇಳಿಯಿತು. ಆಮೇಲೆ ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಒಳಕ್ಕೆ ಸರಿಯತೊಡಗಿತು. ಕೆಲವು ತಿಂಗಳಲ್ಲಿ ಮುಚ್ಚಿಕೊಂಡಿತು. ಮತ್ತೆ ಬಾರದಿರಲೆಂದು ಮಾವ ಈಗ ಆಸ್ಪತ್ರೆಯವರು ಅಳತೆ ನೋಡಿ ಕೊಟ್ಟ ಬಿಗಿ ಕಾಲುಚೀಲ ಹಾಕಿಕೊಂಡೇ ಮೇಜಿಗೆ ನಿಲ್ಲುತ್ತಾರೆ.

ಮಧ್ಯಾಹ್ನ ಮಾತ್ರ ಅಂಗಡಿಯ ಒಳಗೆ ಚಾಪೆ ಬೀಳುತ್ತದೆ. ಜನರ ಬಟ್ಟೆಯ ಮೇಲೆ ಕಾಲಿಡಬಾರದೆಂದು ಅತ್ತೆ ಮೇಜಿನ ಮೇಲಿದ್ದ ಅಮ್ಮನ ಹಳೇ ಕಂಬಳಿಯನ್ನೇ ಸುತ್ತಿ ಗಂಟು ಮಾಡಿಕೊಟ್ಟಿದ್ದಾರೆ. ಮಾವ ಅದರ ಮೇಲೆ ಕಾಲು ಚಾಚಿದರೆ ಅತ್ತೆ ಬಿಡುತ್ತಾರೆಯೇ? "ಮಹಾರಾಜರ ದರ್ಬಾರು ಶುರುವಾಯ್ತು!"

"ಶುರುವಾಯ್ತು ಕಣೇ. ಇನ್ನೊಂಚೂರು ಎತ್ತರ ಮಾಡು," ಎನ್ನುತ್ತಾರೆ ಮಾವ. ಕಾಲು ಮಾತ್ರ ಇಳಿಸುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಿಂತು ದುಡಿಯುವ ಒಂದು ಜೊತೆ ಕಾಲಿದ್ದೀತು. ಅದರಲ್ಲಿ ಎರಡು ವಾರವಾದರೂ ಮಾಯದ ಗಾಯವಿದ್ದರೆ ಆಸ್ಪತ್ರೆಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಒಂದು ದಿನವೂ ಕಾಯಬೇಡಿ. ಸುಡಬೇಡಿ, ನೀವಾಗಿಯೇ ಬಿಗಿದು ಕಟ್ಟಬೇಡಿ. ಸಂಶೋಧನೆಗೆ ಕರೆದರೆ ಹೆದರಿ ಓಡಲೂ ಬೇಡಿ, ಕಣ್ಣುಮುಚ್ಚಿ ಸಹಿ ಹಾಕಲೂ ಬೇಡಿ. ಅತ್ತೆಯ ಹಾಗೆ ಎಲ್ಲವನ್ನೂ ಕೇಳಿ, ತಿಳಿದು, ಆಮೇಲೆ ಹೂಂ ಅನ್ನಿ ಅಥವಾ ಬೇಡ ಅನ್ನಿ.

ಮತ್ತೆ, ನಿಮ್ಮ ಅಮ್ಮ ಕೆಲಸದ ನಡುವೆ ಒರಗಿ ಕಾಲು ಮೇಲಿಟ್ಟರೆ ನಗಬೇಡಿ. ಒಂದು ದಿಂಬು ತಂದು ಕೆಳಗಿಡಿ. ಆ ಕಾಲಿಗೇನಾಗಿದೆ ಎಂದು ಇವತ್ತೇ ಕೇಳಿ.