ದರ್ಭೆ ಸುತ್ತಿದ ಉದ್ಧರಣೆ

ಮತ್ತೆ ಚೆಲ್ಲಿತು, ಉದ್ಧರಣೆಯ ಪುಟ್ಟ ಚಮಚದಿಂದ ಬಲಗೈಗೆ ಗೇಣು ದೂರವೂ ಇಲ್ಲ, ಅಷ್ಟರಲ್ಲೇ ಎಡಗೈ ನಡುಗಿ ಆಚಮನದ ನೀರು ಮಣೆಯ ಮೇಲೆ ಹರಿದು ಪಂಚೆಯ ಅಂಚನ್ನು ನೆನೆಸುತ್ತಿದೆ, ಉದ್ದಿನ ಕಾಳು ಮುಳುಗುವಷ್ಟು ನೀರು ಸಾಕೆನ್ನುತ್ತದೆ ಶಾಸ್ತ್ರ, ಅಷ್ಟೂ ಅಂಗೈಯಲ್ಲಿ ನಿಲ್ಲದ ಮೇಲೆ ಸಂಧ್ಯಾವಂದನೆ ಎಲ್ಲಿಯದು, ಉಪನಯನದಂದಿನಿಂದ ತಪ್ಪದ್ದು ಈಗ ನಿಂತುಹೋಗುವುದೇ — ಗವಿಪುರದ ಗುಡಿಯ ಗಂಟೆ ಕೇಳಿಸುತ್ತಿದೆ, ಬಾಗಿಲಲ್ಲಿ ಮೊಮ್ಮಗಳು ದೀಪ್ತಿ ಕಾಯುತ್ತಿದ್ದಾಳೆ, ಅವಳು ಮಾಡಿಸಿ ತಂದ ಹೊಸ ಉದ್ಧರಣೆ ಪಂಚಪಾತ್ರೆಯ ಪಕ್ಕದಲ್ಲೇ ಇದೆ, ನಾನಿನ್ನೂ ಮುಟ್ಟಿಲ್ಲ, ಹೆಬ್ಬೆರಳಿಗಿಂತ ದಪ್ಪದ ತಾಮ್ರದ ಹಿಡಿ, ನನ್ನದರಂತೆ ಕಡ್ಡಿಯಲ್ಲ. ಡಿಸೈನ್ ಓದುವ ಹುಡುಗಿ, ಹೋದ ತಿಂಗಳು ಚಪಾತಿ ಹಿಟ್ಟಿನ ಮುದ್ದೆ ತಂದು ತಾತ ಇದನ್ನ ಗಟ್ಟಿಯಾಗಿ ಹಿಡ್ಕೊಳಿ ಅಂದಳು, ಹಿಡಿದೆ, ಮೂಡಿದ ಮುಷ್ಟಿಯಚ್ಚಿನ ಅಳತೆ ತೆಗೆದುಕೊಂಡಳು, ಆಯ್ತಾ, ಇತ್ಲಾಗೆ ಕೊಡಿ, ರಾತ್ರಿ ನಿಮಗೇ ಲಟ್ಟಿಸಿ ಹಾಕ್ತೀನಿ ಅಂದಳು ನನ್ನಾಕೆ ಗಿರಿಜಾಂಬಾ. ನಿಮಗೊಬ್ರಿಗೇ ಅಲ್ಲ ತಾತ, ಕೈ ನಡುಗೋರಿಗೆ, ಬೆರಳು ಮಡಿಸಕ್ಕಾಗದೋರಿಗೆ, ಸೌಟು ಚಮಚ ಎಲ್ಲಕ್ಕೂ ಇದೇ ಥರ ಹಿಡಿ ಮಾಡ್ತೀನಿ, ವೇದಿಯನ್ನ ಯಜಮಾನನ ಬೆರಳಳತೆಯಲ್ಲೇ ಕಟ್ಟಬೇಕು ಅಂತ ನೀವೇ ಪಾಠ ಹೇಳ್ತೀರಲ್ಲ, ಉದ್ಧರಣೆ ಯಾಕೆ ಯಾರದೋ ಕೈ ಅಳತೆಗೆ — ಸಂಪ್ರದಾಯ ಅಂದೆ, ನಮ್ಮಪ್ಪನ ಉದ್ಧರಣೆಗೆ ದರ್ಭೆ ಸುತ್ತಿರುತ್ತಿತ್ತು, ಅದು ಕ್ರಮ, ಅಂದೆ. ಶಿಷ್ಯರಿಗೂ ಹಾಗೆಯೇ ಕಲಿಸಿದ್ದೇನೆ, ಪಾವಿತ್ರ್ಯಕ್ಕಾಗಿ ಎರಡು ಸುತ್ತು. ಅದಕ್ಕೆ ಪ್ರಮಾಣವಾಕ್ಯ ಮಾತ್ರ ಯಾವ ಗೃಹ್ಯಸೂತ್ರದಲ್ಲೂ ದೊರೆಯಲಿಲ್ಲ, ಆ ಪಾಠ ಲುಪ್ತವಾಗಿರಬೇಕೆಂದುಕೊಂಡೆ. ಅಪ್ಪ ಎರಡಕ್ಕೆ ನಿಲ್ಲಿಸುತ್ತಿರಲಿಲ್ಲ, ಸುತ್ತುತ್ತ ಸುತ್ತುತ್ತ ಹಿಡಿ ಹೆಬ್ಬೆರಳನ್ನು ಮೀರುತ್ತಿತ್ತು, ಶ್ರದ್ಧೆಯ ಅತಿರೇಕವೆಂದು ಭಾವಿಸಿದ್ದೆ — ರೀ, ಹೊತ್ತು ಮೀರತ್ತೆ, ತೊಗೊಳ್ರೀ, ಕಚ್ಚಲ್ಲ ಅದು, ಒಳಗಿನಿಂದ ಗಿರಿಜಾಂಬಾ — ತೆಗೆದುಕೊಳ್ಳುತ್ತೇನೆ, ಹಿಡಿ ಅಂಗೈ ತುಂಬುತ್ತದೆ, ಬೆರಳುಗಳು ತಾವಾಗಿಯೇ ಮಡಿಸಿಕೊಳ್ಳುತ್ತವೆ, ನೀರು ಬೀಳುತ್ತದೆ, ನಿಲ್ಲುತ್ತದೆ, ಉದ್ದಿನ ಕಾಳು ಮುಳುಗುವಷ್ಟು, ಕೇಶವಾಯ — ಈ ದಪ್ಪ ನನ್ನ ಕೈಗೆ ಗೊತ್ತು, ಅಪ್ಪನ ಪಾತ್ರೆಗಳನ್ನು ತೊಳೆದಿಡುವಾಗ ಮುಷ್ಟಿ ತುಂಬುತ್ತಿದ್ದ ದಪ್ಪ, ಕಡೆಯ ವರ್ಷಗಳಲ್ಲಷ್ಟೇ, ಅದಕ್ಕೂ ಮೊದಲು ದರ್ಭೆ ಎಲ್ಲಿತ್ತು, ಬರಿಯ ತಾಮ್ರವಿತ್ತು, ನಾರಾಯಣಾಯ, ಅಪ್ಪ ಬೆನ್ನು ತಿರುಗಿಸಿ ಕುಳಿತು, ದರ್ಭೆಯ ತುದಿಯನ್ನು ಮಂಡಿಯ ಕೆಳಗೆ ಅದುಮಿ ಸುತ್ತುತ್ತಿದ್ದರು, ಏನಪ್ಪಾ ಮಾಡ್ತಿದೀರಿ ಅಂದರೆ, ಕ್ರಮ ಕಣೋ ಅನ್ನುತ್ತಿದ್ದರು — ದರ್ಭೆ, ದರ್ಭೆಯ ಮೇಲೆ ಅಪ್ಪನ ಬೆರಳುಗಳು, ನಡುಗುತ್ತ